ನಾವೇ ಯಾಕೆ ತರಬೇಕು? ಪ್ರಸಾರಾಂಗದ ಮೇಜಿನಿಂದ ಕೆಲವು ಪಾಠಗಳು

ಪ್ರಸಾರಾಂಗದಲ್ಲಿ ಸಂಪಾದಕ ಎಂದು ಗೊತ್ತಾದರೆ ಸಾಕು, ಮದುವೆ ಮನೆಯಲ್ಲೂ ಯಾರಾದರೂ ಪಕ್ಕಕ್ಕೆ ಕರೆದು ಕೇಳುತ್ತಾರೆ: "ನಮ್ಮದೊಂದು ಹಸ್ತಪ್ರತಿ ಇದೆ ಸರ್, ನಿಮ್ಮಲ್ಲಿ ಹಾಕ್ತೀರಾ?" ವಿಷಯ ಯಾವುದು ಎಂದು ನಾನು ಕೇಳುವಷ್ಟರಲ್ಲಿ ಮುನ್ನುಡಿ ಯಾರದು, ಬೆನ್ನುಡಿ ಯಾರದು ಎಂಬುದನ್ನೆಲ್ಲ ಅವರೇ ಹೇಳಿ ಮುಗಿಸಿರುತ್ತಾರೆ.

ಮೈಸೂರು, ಧಾರವಾಡ, ಬೆಂಗಳೂರು, ಕಲಬುರಗಿ, ಹಂಪಿ, ಹೀಗೆ ನಮ್ಮ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಪುಸ್ತಕ ತರುವ ವಿಭಾಗಕ್ಕೆ ಪ್ರಸಾರಾಂಗ ಎಂದೇ ಹೆಸರು. ಹಸ್ತಪ್ರತಿ ನಡೆಯುವ ದಾರಿಯೂ ಹೆಚ್ಚುಕಡಿಮೆ ಒಂದೇ. ಮೊದಲು ಅರ್ಜಿ, ಕಚೇರಿಯಲ್ಲೊಂದು ಪ್ರಾಥಮಿಕ ಓದು, ಹೊರಗಿನ ಪರಿಶೀಲಕರ ವರದಿ. ಆಮೇಲೆ ಪ್ರಕಟಣಾ ಸಮಿತಿ, ಕುಲಪತಿಗಳ ಒಪ್ಪಿಗೆ, ಟೆಂಡರು, ಕೊನೆಗೆ ಅಚ್ಚು. ಕಡತದ ಪ್ರಕಾರ ತೀರ್ಮಾನ ಸಮಿತಿಯದು. ಆ ಮೇಜಿನ ಮೂಲೆಯಲ್ಲಿ ಟಿಪ್ಪಣಿ ಬರೆಯುತ್ತ ಕೂತ ನನಗೆ ಕಂಡದ್ದೇ ಬೇರೆ. ಸಮಿತಿ ಸೇರುವ ಹೊತ್ತಿಗೆ ಮುಕ್ಕಾಲುಪಾಲು ತೀರ್ಮಾನ ಆಗಿಯೇ ಹೋಗಿರುತ್ತದೆ. ಯಾರಿಗೆ ಓದಲು ಕೊಟ್ಟೆವು, ಅವರನ್ನು ಏನೆಂದು ಕೇಳಿದೆವು ಎಂಬುದರಲ್ಲೇ ಅದು ಅಡಗಿರುತ್ತದೆ.

1. "ಚೆನ್ನಾಗಿದೆಯೇ?" ಎಂಬುದು ಎರಡನೆಯ ಪ್ರಶ್ನೆ

ಒಳ್ಳೆಯ ಕಾದಂಬರಿಯೊಂದು ಬಂದರೆ ಲೇಖಕರಿಗೆ ನಾನು ಹೇಳುವುದು, ಖಾಸಗಿ ಪ್ರಕಾಶಕರನ್ನು ನೋಡಿ ಎಂದು. ಅವರು ಕೆಲವೇ ತಿಂಗಳಲ್ಲಿ ತರುತ್ತಾರೆ, ಸಮ್ಮೇಳನದ ಮಳಿಗೆಯಲ್ಲಿ ಎದುರಿಗೇ ಜೋಡಿಸಿಡುತ್ತಾರೆ, ಪತ್ರಿಕೆಗಳಿಗೆ ವಿಮರ್ಶೆಗೆ ಕಳಿಸುತ್ತಾರೆ. ನಮ್ಮಲ್ಲಾದರೆ ಅದು ಕಡತದೊಳಗೆ ಮಲಗಿ ಎರಡು ಆರ್ಥಿಕ ವರ್ಷ ಕಳೆಯಬಹುದು. ವಿಶ್ವವಿದ್ಯಾಲಯದ ದುಡ್ಡಿನಲ್ಲಿ ಬರಬೇಕಾದದ್ದು, ನಾವು ಕೈಬಿಟ್ಟರೆ ಬೇರೆ ಯಾರೂ ಎತ್ತಿಕೊಳ್ಳದ ಪುಸ್ತಕ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚಿಗೆ ತಂದರು. ಸರ್ಕಾರದ ಗ್ರಂಥಮಾಲೆ ಇಲ್ಲದಿದ್ದರೆ ಯಾವ ವ್ಯಾಪಾರಿ ಅದಕ್ಕೆ ಕಾಗದ ಕೊಡುತ್ತಿದ್ದ? ಆ ಲೈಬ್ರರಿ 1916ರಲ್ಲಿ ಹೊಸದಾಗಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. ಕಿಟೆಲ್ಲರ ನಿಘಂಟಿನ ಕಥೆಯೂ ಹೀಗೇ. ಬಾಸೆಲ್ ಮಿಷನ್ನಿನವರು 1894ರಲ್ಲಿ ಮಂಗಳೂರಿನಲ್ಲಿ ಮುದ್ರಿಸಿದ್ದನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದರು. ನಾಲ್ಕು ಸಂಪುಟಗಳಲ್ಲಿ 1968ರಿಂದ 1971ರ ನಡುವೆ ಹೊರತಂದದ್ದು ಮದ್ರಾಸ್ ವಿಶ್ವವಿದ್ಯಾಲಯ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವನ್ನು ಆಕ್ಸ್‌ಫರ್ಡಿನವರು 1961ರಲ್ಲಿ ತಂದರು. ನಮ್ಮ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಇವತ್ತಿಗೂ ಒಂದು ಪದದ ಬೇರು ಹೇಳುವಾಗ ಆ ಕೋಶದ ನಮೂದಿನ ಸಂಖ್ಯೆಯನ್ನೇ ಕೊಡುತ್ತಾರೆ. ಅದನ್ನು ಕೊಂಡವರು ಎಲ್ಲ ಕಾಲಕ್ಕೂ ಕೆಲವರೇ. ಅದಿಲ್ಲದೆ ಕೆಲಸ ನಡೆಯದವರೂ ಅವರೇ.

ಅದೇ ಆಕ್ಸ್‌ಫರ್ಡ್ ಪ್ರೆಸ್ಸು 1998ರಲ್ಲಿ ತನ್ನ ಸಮಕಾಲೀನ ಕವಿತೆಗಳ ಮಾಲೆಯನ್ನು ನಿಲ್ಲಿಸಿತು, ಲಾಭವಿಲ್ಲವೆಂಬ ಕಾರಣಕ್ಕೆ. ಇಂಗ್ಲೆಂಡಿನ ಕವಿಗಳು ಗದ್ದಲ ಎಬ್ಬಿಸಿದರು. ಕವಿತೆಗೆ ಬೇರೆ ಮನೆಗಳಿವೆ ಎಂದು ನಿಲ್ಲಿಸಿದ್ದರೆ ನಾನೂ ಒಪ್ಪುತ್ತಿದ್ದೆ. ಮಾರಾಟವಾಗುವುದಿಲ್ಲ ಎಂದು ನಿಲ್ಲಿಸಿದ್ದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಆ ಅಳತೆಗೋಲು ಹಿಡಿದರೆ ವ್ಯುತ್ಪತ್ತಿ ಕೋಶವೂ ಉಳಿಯುತ್ತಿರಲಿಲ್ಲ.

2. ಪರಿಶೀಲಕರ ಹೆಸರು ಬರೆದಾಗಲೇ ಅರ್ಧ ಕೆಲಸ ಮುಗಿಯಿತು

ಅಮೆರಿಕದ ಯೂನಿವರ್ಸಿಟಿ ಪ್ರೆಸ್ಸುಗಳಲ್ಲಿ ಹಸ್ತಪ್ರತಿಯನ್ನು ಸಾಮಾನ್ಯವಾಗಿ ಹೊರಗಿನ ಇಬ್ಬರು ತಜ್ಞರಾದರೂ ಓದಬೇಕು. ಅವರ ವರದಿ, ಅದಕ್ಕೆ ಲೇಖಕರ ಉತ್ತರ, ಎರಡೂ ಅಧ್ಯಾಪಕರ ಮಂಡಳಿಯ ಮುಂದೆ ಹೋಗುತ್ತವೆ. ಆಕ್ಸ್‌ಫರ್ಡಿನಲ್ಲಿ ಡೆಲಿಗೇಟ್‌ಗಳು, ಕೇಂಬ್ರಿಜ್ಜಿನಲ್ಲಿ ಸಿಂಡಿಕ್‌ಗಳು ಎಂದು ಕರೆಸಿಕೊಳ್ಳುವ ಪ್ರಾಧ್ಯಾಪಕರ ಒಪ್ಪಿಗೆ ಬೇಕು. ನಮ್ಮ ನಿಯಮದ ಪುಸ್ತಕದಲ್ಲೂ ಇಂಥದ್ದೇ ಬರೆದಿದೆ. ತೊಡಕಿರುವುದು ಕನ್ನಡದ ವಿದ್ವತ್ತಿನ ಊರು ಚಿಕ್ಕದು ಎಂಬುದರಲ್ಲಿ. ಹಳಗನ್ನಡ ಛಂದಸ್ಸಿನ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರು ಲೇಖಕರ ಗುರುಗಳು, ಇನ್ನೊಬ್ಬರು ಸಹಪಾಠಿ, ಮತ್ತೊಬ್ಬರ ಜೊತೆ ಮಾತು ಬಿಟ್ಟು ವರ್ಷಗಳಾಗಿವೆ. ಹೆಸರು ಮುಚ್ಚಿ ಕಳಿಸಿದರೂ ಎರಡನೇ ಪುಟದ ಹೊತ್ತಿಗೆ ಇದು ಯಾರ ಬರವಣಿಗೆ ಎಂದು ಗೊತ್ತಾಗಿಬಿಡುತ್ತದೆ.

ಹಾಗಾಗಿ ಹೆಸರಿಗಿಂತ ಪ್ರಶ್ನೆಗಳ ಮೇಲೆ ಹೆಚ್ಚು ನಂಬಿಕೆ ಇಡುವುದನ್ನು ಕಲಿತೆ. "ತಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಿ" ಎಂದು ಬರೆದರೆ ಬರುವುದು ಒಂದೇ ಸಾಲು: "ಉತ್ತಮ ಕೃತಿ, ಪ್ರಕಟಿಸಬಹುದು." ಅದರ ಕೆಳಗೆ ರುಜು, ಜೊತೆಗೆ ಗೌರವಧನದ ಬಿಲ್ಲು. ಅದರ ಬದಲು ನಾವು ಕೇಳತೊಡಗಿದ್ದು ಇವು: ಈ ಪುಸ್ತಕದಲ್ಲಿ ಹೊಸದು ಯಾವ ಪುಟದಲ್ಲಿದೆ? ಲೇಖಕರು ನೋಡಬೇಕಿದ್ದು ನೋಡದೆ ಬಿಟ್ಟ ಆಕರ ಯಾವುದು? ಯಾವ ಅಧ್ಯಾಯ ತೆಗೆದರೆ ನಷ್ಟವಿಲ್ಲ? ತಮ್ಮ ವಿಭಾಗದ ಗ್ರಂಥಾಲಯಕ್ಕೆ ಇದನ್ನು ಕೊಳ್ಳಿ ಎಂದು ಹೇಳುತ್ತೀರಾ? ಪುಟಸಂಖ್ಯೆ ಬರೆಯಬೇಕೆಂದಾಗ ಗೆಳೆಯನೂ ಓದಲೇಬೇಕಾಗುತ್ತದೆ, ಹಗೆಯವನೂ ಆಧಾರ ತೋರಿಸಬೇಕಾಗುತ್ತದೆ.

ಒಂದು ವರದಿಯನ್ನು ಇಲ್ಲಿ ಹೇಳಬೇಕು. ಒಂದು ಊರಿನ ಶೈವ ಮಠದ ಚರಿತ್ರೆಯ ಹಸ್ತಪ್ರತಿ ಬಂದಿತ್ತು. ಬರವಣಿಗೆ ಸೊಗಸು, ಫೋಟೊಗಳು ಇನ್ನೂ ಸೊಗಸು. ಬಸವಣ್ಣನವರಿಗಿಂತ ಎರಡು ತಲೆಮಾರು ಮೊದಲೇ ಆ ಮಠ ಅಲ್ಲಿತ್ತು ಎಂಬುದು ಪುಸ್ತಕದ ಬೆನ್ನೆಲುಬು. ಅದಕ್ಕೆ ಒಂದೇ ಶಾಸನದ ಆಧಾರ, 1080ರದು. ಪರಿಶೀಲಕರು ಹಿರಿಯ ಶಾಸನತಜ್ಞರು. ಕೈಬರಹದಲ್ಲಿ ಬರೆದು ಕಳಿಸಿದ ವರದಿಯಲ್ಲಿ ಅವರು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಅನುಬಂಧದಲ್ಲಿ ಲೇಖಕರೇ ಕೊಟ್ಟಿದ್ದ ಶಾಸನಪಾಠದಲ್ಲಿ ಬಹುಧಾನ್ಯ ಸಂವತ್ಸರ ಎಂದಿದೆ, ಕ್ರಿ.ಶ. 1080 ರೌದ್ರಿ ಸಂವತ್ಸರ, ಆದ್ದರಿಂದ ಅಲ್ಲಿರುವುದು ಶಕವರ್ಷ, 78 ಕೂಡಿಸಿದರೆ 1158 ಎಂದು ತೋರಿಸಿದ್ದರು. 1158 ಎಂದರೆ ಬಸವಣ್ಣನವರು ಬದುಕಿದ್ದ ಕಾಲವೇ. ಎರಡು ತಲೆಮಾರಿನ ವಾದ ಅಲ್ಲಿಗೇ ಕುಸಿಯಿತು. ಆದರೂ ವರದಿಯ ಕೊನೆಗೆ ಅವರು ಬರೆದಿದ್ದರು: ಹಸ್ತಪ್ರತಿಯನ್ನು ತಿರಸ್ಕರಿಸಬೇಡಿ, ಕಲ್ಯಾಣದ ಕಾಲದಲ್ಲೇ ಇದ್ದ ಒಂದು ಮಠ ಎಂದು ಓದಿದರೆ ಇದರ ಬೆಲೆ ಹೆಚ್ಚುತ್ತದೆ. ಲೇಖಕರು ಮೊದಲು ಮುನಿಸಿಕೊಂಡರು. ಆಮೇಲೆ ಪುಸ್ತಕವನ್ನು ಅರ್ಧಕ್ಕರ್ಧ ತಿರುಗಿ ಬರೆದುಕೊಟ್ಟರು.

ಇಂಥ ಓದಿಗೆ ನಾವು ಕೊಡುವ ಗೌರವಧನ ಎಷ್ಟು, ಅದು ಎಷ್ಟು ತಿಂಗಳ ಮೇಲೆ ಕೈಸೇರುತ್ತದೆ ಎಂಬುದನ್ನು ಬರೆಯದಿರುವುದೇ ವಾಸಿ.

3. ಪಿಎಚ್.ಡಿ. ಮಹಾಪ್ರಬಂಧ ಬೇರೆ, ಪುಸ್ತಕ ಬೇರೆ

ನಮ್ಮ ಮೇಜಿಗೆ ಬರುವ ಹಸ್ತಪ್ರತಿಗಳಲ್ಲಿ ಬಹುಪಾಲು ಪದವಿ ಸಿಕ್ಕ ಮಹಾಪ್ರಬಂಧಗಳು. ಇದಕ್ಕೆ ವಿದ್ಯೆಯ ಕಾರಣದ ಜೊತೆಗೆ ನೌಕರಿಯ ಕಾರಣವೂ ಇದೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಅಂತಾರಾಷ್ಟ್ರೀಯ ಪ್ರಕಾಶಕರು ತಂದ ಪುಸ್ತಕಕ್ಕೆ 12 ಅಂಕ, ರಾಷ್ಟ್ರೀಯ ಪ್ರಕಾಶಕರದಕ್ಕೆ 10. ಸಂದರ್ಶನದ ದಿನಾಂಕ ಹತ್ತಿರ ಬಂದಂತೆ "ಸರ್, ಐಎಸ್‌ಬಿಎನ್ ನಂಬರಾದರೂ ಕೊಡಿ" ಎನ್ನುವ ಫೋನುಗಳು ಹೆಚ್ಚುತ್ತವೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅಂಕಕ್ಕಾಗಿ ಬಂದ ಪುಸ್ತಕ ನಮ್ಮ ಗೋದಾಮಿನಲ್ಲಿ ಗೆದ್ದಲಿಗೆ ಕಾಯುತ್ತದೆ.

ಮಹಾಪ್ರಬಂಧ ಬರೆಯುವುದು ಪರೀಕ್ಷಕರಿಗಾಗಿ. ನಾನು ಇಷ್ಟೆಲ್ಲ ಓದಿದ್ದೇನೆ ಎಂದು ಅದು ಹೆಜ್ಜೆಹೆಜ್ಜೆಗೂ ಸಾಬೀತು ಮಾಡಬೇಕು. ಪುಸ್ತಕ ಓದುವವರು ಅದನ್ನು ಹೇಗೂ ನಂಬಿರುತ್ತಾರೆ. ಅವರಿಗೆ ಬೇಕಾದ್ದು ವಿಷಯ. ಈಗಂತೂ ಮಹಾಪ್ರಬಂಧಗಳು ಶೋಧಗಂಗಾದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇವೆ. ಅದನ್ನೇ ರಕ್ಷಾಪುಟ ಬದಲಿಸಿ ಅಚ್ಚು ಹಾಕಿದರೆ ಯಾರಾದರೂ ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು?

ಕೆರೆಗಳ ಬಗ್ಗೆ ಕೆಲಸ ಮಾಡಿದ ಒಬ್ಬ ಸಂಶೋಧಕಿಯ ಪ್ರಬಂಧ ನೆನಪಾಗುತ್ತದೆ. ಮೊದಲ ಅಧ್ಯಾಯ ಅಧ್ಯಯನದ ಉದ್ದೇಶ, ವ್ಯಾಪ್ತಿ, ವಿಧಾನ. ಎರಡನೆಯದು ಜಿಲ್ಲೆಯ ಮಳೆ, ಮಣ್ಣು, ಜನಸಂಖ್ಯೆ. ಮೂರನೆಯದು ಕರ್ನಾಟಕದ ನೀರಾವರಿ ಚರಿತ್ರೆ, ಕದಂಬರಿಂದ ಹಿಡಿದು. ನಾಲ್ಕನೆಯದರಲ್ಲಿ ಅವರ ಕೆರೆಗಳು ಕಾಣಿಸಿಕೊಂಡವು. ಅನುಬಂಧದಲ್ಲಿ, ಚಿಕ್ಕ ಅಕ್ಷರದಲ್ಲಿ, ನೀರಗಂಟಿಗಳ ಜೊತೆಗಿನ ಮಾತುಕತೆ ಇತ್ತು. ತೂಬು ಎತ್ತುವ ಹೊತ್ತು ಯಾವುದು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟದಿದ್ದರೆ ಯಾರು ಬಂದು ಬಾಗಿಲು ಬಡಿಯುತ್ತಾರೆ, ಕೋಡಿ ಬಿದ್ದ ರಾತ್ರಿ ಊರಿನವರು ಏನು ಮಾಡಿದರು, ಸುಗ್ಗಿಯಲ್ಲಿ ತಮ್ಮ ಪಾಲಿನ ಭತ್ತ ಕೊಡಲು ಯಾರು ಕೈ ಹಿಂದೆಗೆಯುತ್ತಾರೆ. ಹಿಂದೆ ಯಾರೂ ಬರೆದಿಟ್ಟುಕೊಳ್ಳದ ಮಾತುಗಳು.

"ಇದೇ ನಿಮ್ಮ ಪುಸ್ತಕ, ಮೇಡಂ. ಮೊದಲ ಮೂರು ಅಧ್ಯಾಯ ಬಿಡಿ" ಎಂದೆ.

"ಸರ್, ನಮ್ಮ ಗೈಡು ಅನುಬಂಧವೇ ಬೇಡ ಅಂದಿದ್ರು. ಇದು ಸಿದ್ಧಾಂತ ಅಲ್ಲ ಅಂತ."

ಸಮಿತಿಯಲ್ಲೂ ಒಬ್ಬರು ಅದನ್ನೇ ಹೇಳಿದರು. ಪುಸ್ತಕ ಬಂತು, ನೀರಗಂಟಿಗಳ ಮಾತಿನಿಂದಲೇ ಶುರುವಾಗಿ. ಮೂಲ ಪ್ರಬಂಧದ ಅರ್ಧ ಗಾತ್ರ, ಕೊನೆಗೊಂದು ಪದಸೂಚಿ. ನಾವು ತಂದ ಸಂಶೋಧನಾ ಗ್ರಂಥಗಳಲ್ಲಿ ರೈತ ಸಂಘದವರು ಕಚೇರಿಗೆ ಬಂದು ಕೇಳಿ ಕೊಂಡುಹೋದದ್ದು ಅದೊಂದೇ ಎಂದು ಕಾಣುತ್ತದೆ.

ಈಗ ನಾನು ಮಹಾಪ್ರಬಂಧ ಕೈಗೆ ಬಂದರೆ ಹಿಂದಿನಿಂದ ಓದುತ್ತೇನೆ.

4. ವಿಚಾರ ಸಂಕಿರಣದ ಸಂಪುಟ

ಬೇಡ. ಹದಿನೆಂಟು ಪ್ರಬಂಧಗಳಲ್ಲಿ ಮೂರು ಗಟ್ಟಿಯಿದ್ದರೆ ಆ ಮೂರನ್ನು ಪತ್ರಿಕೆಗೆ ಕಳಿಸಲಿ; ವಿಶ್ವವಿದ್ಯಾಲಯಗಳು ಪತ್ರಿಕೆ ನಡೆಸುವುದೇ ಇದಕ್ಕಾಗಿ. ಅಭಿನಂದನ ಗ್ರಂಥಕ್ಕೂ ಇದೇ ಮಾತು. ಇದನ್ನು ಓದಿ ಕೆಲವು ಸ್ನೇಹಿತರು ಮುಖ ತಿರುಗಿಸಬಹುದು.

5. ಲೆಕ್ಕ ಒಂದೊಂದು ಪುಸ್ತಕದ್ದಲ್ಲ, ಇಡೀ ಕಪಾಟಿನದು

ಪಠ್ಯಪುಸ್ತಕ ಮಾರಾಟವಾಗುತ್ತದೆ, ಶಾಸನ ಸಂಪುಟ ಆಗುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಂಟನೇ ಹೆನ್ರಿ 1534ರಲ್ಲಿ ಕೊಟ್ಟ ಸನ್ನದಿನ ಮೇಲೆ ನಿಂತ ಕೇಂಬ್ರಿಜ್ ಪ್ರೆಸ್ಸು ಶತಮಾನಗಳ ಕಾಲ ಬೈಬಲ್ಲು, ಪ್ರಾರ್ಥನಾ ಪುಸ್ತಕ ಮಾರಿದ ಬಲದಲ್ಲೂ ಬದುಕಿತು. ನಮ್ಮಲ್ಲಿ ಆ ಭಾರ ಹೊರುವುದು ಪದವಿ ತರಗತಿಗಳ ಕನ್ನಡ ಪಠ್ಯ. ಅದು ಕೈತಪ್ಪಿದ ವರ್ಷ ಹಣಕಾಸು ಅಧಿಕಾರಿಗಳು ಪ್ರತಿ ಪುಸ್ತಕಕ್ಕೂ "ಇದರಿಂದ ಆದಾಯವೆಷ್ಟು?" ಎಂದು ಷರಾ ಬರೆಯತೊಡಗುತ್ತಾರೆ. ಸಿರಿವಂತ ವಿಶ್ವವಿದ್ಯಾಲಯಗಳಿಗೂ ಈ ರೋಗ ತಪ್ಪಿದ್ದಲ್ಲ. ಸ್ಟ್ಯಾನ್‌ಫರ್ಡಿನ ಆಡಳಿತ 2019ರಲ್ಲಿ ತನ್ನ ಪ್ರೆಸ್ಸಿಗೆ ವರ್ಷಕ್ಕೆ 17 ಲಕ್ಷ ಡಾಲರಿನ ನೆರವು ಮುಂದುವರಿಸಲಾಗದು ಎಂದಿತು. ಅಧ್ಯಾಪಕರೇ ತಿರುಗಿಬಿದ್ದ ಮೇಲೆ ಸ್ವಲ್ಪ ಸಡಿಲವಾಯಿತು.

ಖರ್ಚು ಎಂದರೆ ಕಾಗದ ಮತ್ತು ಅಚ್ಚು ಎಂದುಕೊಳ್ಳುವವರಿಗೆ ಒಂದು ಅಂಕಿ. ಅಮೆರಿಕದ 20 ಯೂನಿವರ್ಸಿಟಿ ಪ್ರೆಸ್ಸುಗಳ ಲೆಕ್ಕ ತೆಗೆದು 2016ರಲ್ಲಿ ಒಂದು ಅಧ್ಯಯನ ಬಂತು. ಅಚ್ಚಿನ ಖರ್ಚು ಬಿಟ್ಟೇ ಒಂದು ಸಂಶೋಧನಾ ಗ್ರಂಥ ಸಿದ್ಧಪಡಿಸಲು ಸುಮಾರು 15 ಸಾವಿರದಿಂದ 1 ಲಕ್ಷ 30 ಸಾವಿರ ಡಾಲರಿನವರೆಗೆ ತಗಲುತ್ತಿತ್ತು. ಅದರಲ್ಲಿ ದೊಡ್ಡ ಪಾಲು ಸಿಬ್ಬಂದಿಯ ವೇಳೆಯದು. ನಮ್ಮಲ್ಲಿ ಆ ವೇಳೆಗೆ ಬೆಲೆ ಕಟ್ಟುವ ಅಭ್ಯಾಸವೇ ಇಲ್ಲ. ಒಂದು ಹಸ್ತಪ್ರತಿ ಒಪ್ಪಿದೆವೆಂದರೆ ಕರಡು ತಿದ್ದುವ ಒಬ್ಬರ ಹಲವು ತಿಂಗಳನ್ನು ಅದಕ್ಕೆ ಬರೆದುಕೊಟ್ಟೆವು ಎಂದೇ ಅರ್ಥ. ಸಮಿತಿಯಲ್ಲಿ "ಇದನ್ನೂ ತಂದುಬಿಡೋಣ" ಎಂದು ಯಾರಾದರೂ ಉದಾರವಾಗಿ ಹೇಳಿದಾಗ ನಾನು ಕೇಳುವುದು, ಹಾಗಾದರೆ ಈಗ ಕರಡಿನಲ್ಲಿರುವ ಯಾವುದನ್ನು ಹಿಂದೆ ಸರಿಸಲಿ ಎಂದು. ಹೆಚ್ಚಿನ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನು ಪ್ರತಿಗಳ ಸಂಖ್ಯೆ. ಸಾವಿರ ಪ್ರತಿ ಹಾಕಿದರೆ ಒಂದರ ಬೆಲೆ ಇಳಿಯುತ್ತದೆ, ಸರಿ. ಉಳಿದ ಏಳುನೂರು ಪ್ರತಿಗಳ ಬಾಡಿಗೆ, ಧೂಳು, ವರ್ಷಾಂತ್ಯದ ದಾಸ್ತಾನು ಪರಿಶೀಲನೆ ಯಾರ ತಲೆಗೆ? ರಾಜ್ಯೋತ್ಸವದ ತಿಂಗಳಲ್ಲಿ ಅರ್ಧ ಬೆಲೆಗೆ ಕೊಟ್ಟರೂ ಕೆಲವು ಕಟ್ಟು ಬಿಚ್ಚುವುದೇ ಇಲ್ಲ. ಮುನ್ನೂರು ಹಾಕಿ, ಬೇಡಿಕೆ ಬಂದರೆ ಮತ್ತೆ ಹಾಕುವುದೇ ನನ್ನ ಮತ.

6. ಸಂಪುಟ ಒಂದಕ್ಕೆ ಒಪ್ಪುವ ಮೊದಲು ಸಂಪುಟ ಐದನ್ನು ಕೇಳಿ

ಜೇಮ್ಸ್ ಮರ್ರೆ ಅವರ ಜೊತೆ ಆಕ್ಸ್‌ಫರ್ಡ್ ಪ್ರೆಸ್ಸು 1879ರಲ್ಲಿ ನಿಘಂಟಿನ ಒಪ್ಪಂದ ಮಾಡಿಕೊಂಡಾಗ ಹತ್ತು ವರ್ಷದಲ್ಲಿ ಮುಗಿಯುತ್ತದೆ ಎಂಬ ಅಂದಾಜು. ಮುಗಿದದ್ದು 1928ರಲ್ಲಿ, ಮರ್ರೆ ತೀರಿಕೊಂಡು ಹದಿಮೂರು ವರ್ಷಕ್ಕೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಹದಿನಾಲ್ಕು ಸಂಪುಟಗಳಿಗೂ ದಶಕಗಳೇ ಬೇಕಾದವು. ಇಂಥವು ವಿಶ್ವವಿದ್ಯಾಲಯಗಳಿಂದ ಮಾತ್ರ ಆಗುವ ಕೆಲಸ, ಆದ್ದರಿಂದಲೇ ಎಚ್ಚರ ಬೇಕು. ಪ್ರಧಾನ ಸಂಪಾದಕರು ನಿವೃತ್ತರಾದರೆ ಚೀಟಿಗಳು, ಟಿಪ್ಪಣಿಗಳು ಯಾರ ವಶಕ್ಕೆ ಬರುತ್ತವೆ ಎಂದು ಮೊದಲ ಸಭೆಯಲ್ಲೇ ಬರೆಸಿಕೊಳ್ಳಬೇಕು. ಹೊಸ ಕುಲಪತಿಗಳು ಬಂದಾಗ ಹಿಂದಿನವರ ಯೋಜನೆ ತಣ್ಣಗಾಗುವುದು ನಮ್ಮ ಕಡೆ ಋತುಮಾನದಷ್ಟೇ ಖಚಿತ. ಅರ್ಧಕ್ಕೆ ನಿಂತ ಮಾಲೆಯ ಒಂದು, ಎರಡು, ನಾಲ್ಕನೇ ಸಂಪುಟಗಳು ಎಷ್ಟು ಗ್ರಂಥಾಲಯಗಳಲ್ಲಿ ಮೂರನೆಯದಕ್ಕೆ ಕಾಯುತ್ತಿವೆಯೋ.

7. "ಮೇಲಿನಿಂದ" ಬಂದ ಹಸ್ತಪ್ರತಿಗೂ ಅದೇ ಲಕೋಟೆ

ಶಿಫಾರಸು ಇಲ್ಲದ ಕಚೇರಿ ಇಲ್ಲ. ಬರುವುದು ಪತ್ರವಾಗಿ ಅಲ್ಲ, ಫೋನಾಗಿ: "ಸಾಹೇಬ್ರು ಹೇಳಿದ್ದಾರೆ, ಘಟಿಕೋತ್ಸವದ ಹೊತ್ತಿಗೆ ಬಿಡುಗಡೆ ಆಗ್ಬೇಕಂತೆ." ವಾದಕ್ಕೆ ಇಳಿದರೆ ಸೋಲು ನಮ್ಮದೇ. "ಆಗಲಿ ಸರ್, ಇವತ್ತೇ ಪರಿಶೀಲಕರಿಗೆ ಕಳಿಸುತ್ತೇನೆ" ಎಂದು, ಬೇರೆ ಎಲ್ಲರಿಗೂ ಕಳಿಸುವ ಅದೇ ಪ್ರಶ್ನೆಗಳ ಜೊತೆ ಕಳಿಸಿಬಿಡುವುದು ಒಳ್ಳೆಯದು. ಪುಟಸಂಖ್ಯೆ ಸಹಿತ ವರದಿ ಬಂದು ಕಡತದಲ್ಲಿ ಕೂತರೆ ಅದನ್ನು ಮೀರಿ ರುಜು ಹಾಕಲು ಯಾರಿಗೂ ಅಷ್ಟು ಧೈರ್ಯ ಬರುವುದಿಲ್ಲ; ಆಡಿಟ್ ಎಂಬುದೊಂದು ಇದೆಯಲ್ಲ. ಅಪರೂಪಕ್ಕೆ ಹೀಗೆ ಬಂದದ್ದರಲ್ಲೂ ಒಳ್ಳೆಯ ಪುಸ್ತಕ ಇರುತ್ತದೆ. ಆಗ ಆ ವರದಿಯೇ ಲೇಖಕರ ಮಾನ ಕಾಯುತ್ತದೆ.

8. ಒಪ್ಪಿದ ಮೇಲೆ ಬೆನ್ನು ತೋರಿಸುವಂತಿಲ್ಲ

ಮೈಸೂರಿನ ಎ.ಕೆ. ರಾಮಾನುಜನ್ ಅವರ "ಮುನ್ನೂರು ರಾಮಾಯಣಗಳು" ಪ್ರಬಂಧದ ಪ್ರಕರಣವನ್ನು ಪ್ರಕಟಣಾ ಸಮಿತಿಯ ಪ್ರತಿಯೊಬ್ಬರೂ ತಿಳಿದಿರಬೇಕು. ಕನ್ನಡದ ಜನಪದ ರಾಮಾಯಣವೊಂದನ್ನು ಜಗತ್ತಿನ ವಿದ್ವಾಂಸರ ಮುಂದಿಟ್ಟ ಬರಹ ಅದು. ದೆಹಲಿ ವಿಶ್ವವಿದ್ಯಾಲಯದ ಪಠ್ಯದಲ್ಲಿದ್ದ ಆ ಪ್ರಬಂಧದ ವಿರುದ್ಧ 2008ರಲ್ಲಿ ದಾಂಧಲೆ ನಡೆಯಿತು. ದೂರುದಾರರೊಬ್ಬರಿಗೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಭಾರತ ಶಾಖೆ ವಿಷಾದ ತಿಳಿಸಿ, ಆ ಪ್ರಬಂಧವಿದ್ದ ಪುಸ್ತಕವನ್ನು ಮಾರುತ್ತಿಲ್ಲ ಎಂದಿತು. 2011ರಲ್ಲಿ ವಿಶ್ವವಿದ್ಯಾಲಯ ಪ್ರಬಂಧವನ್ನು ಪಠ್ಯದಿಂದ ತೆಗೆಯಿತು. ದೇಶವಿದೇಶದ ವಿದ್ವಾಂಸರು ಪ್ರೆಸ್ಸನ್ನೇ ಪ್ರಶ್ನಿಸಿ ಬರೆದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ, ಮತ್ತೆ ಅಚ್ಚು ಹಾಕುತ್ತೇವೆ ಎಂಬ ಹೇಳಿಕೆ ಬಂತು.

ವಿವಾದವಾದೀತು ಎಂಬ ಅಳುಕಿದ್ದರೆ ಅದನ್ನು ಹಸ್ತಪ್ರತಿಯ ಹಂತದಲ್ಲೇ ಮೇಜಿನ ಮೇಲೆ ಹಾಕಬೇಕು. ಆಧಾರ ಗಟ್ಟಿಯೇ, ಕಾನೂನು ತಿಳಿದವರು ಓದಿದ್ದಾರೆಯೇ, ನಾಳೆ ಗೇಟಿನ ಮುಂದೆ ಜನ ನಿಂತರೆ ಸಮಿತಿ ಏನು ಹೇಳುತ್ತದೆ ಎಂಬುದನ್ನೆಲ್ಲ ನಡಾವಳಿಯಲ್ಲಿ ಬರೆಯಬೇಕು. ಬರೆದಿಟ್ಟ ಸಮಿತಿ ನಿಲ್ಲುತ್ತದೆ. ಬಾಯಿಮಾತಿನಲ್ಲಿ ಒಪ್ಪಿದವರು ಮರುದಿನ ಫೋನು ಎತ್ತುವುದಿಲ್ಲ.

9. ಮರುಮುದ್ರಣವೂ ಹೊಸ ತೀರ್ಮಾನವೇ

ಬೇಡಿಕೆ ಇದೆ, ಹಳೆಯದನ್ನೇ ಹಾಕಿಬಿಡಿ ಎನ್ನುತ್ತಾರೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕಕ್ಕೆ ಕಡತವೇ ಇರುವುದಿಲ್ಲ, ಮತ್ತೆ ಟೈಪು ಮಾಡಿಸಬೇಕು. ಆಮೇಲೆ ನುಡಿಯಲ್ಲೋ ಶ್ರೀಲಿಪಿಯಲ್ಲೋ ಮಾಡಿಟ್ಟದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ ಕೆಡುತ್ತದೆ, ಅರ್ಕಾವೊತ್ತು ಜಾಗ ಬದಲಿಸುತ್ತದೆ, ಹಳಗನ್ನಡದ ಱ, ೞ ಇದ್ದಲ್ಲಿ ಖಾಲಿ ಚೌಕ ಬರುತ್ತದೆ. ಚೌಕ ಬಂದರೆ ಪುಣ್ಯ, ಕಣ್ಣಿಗಾದರೂ ಬೀಳುತ್ತದೆ. ಎಷ್ಟೋ ಕಡೆ ೞ ಸದ್ದಿಲ್ಲದೆ ಳ ಆಗಿ, ಪ್ರಾಸ ಕೆಟ್ಟು ಕೂತಿರುತ್ತದೆ. ಹಳೆಯ ಮುದ್ರಣವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ಓದುವವರು ಇಲ್ಲದಿದ್ದರೆ ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿ ಇದ್ದಂತೆಯೇ ಮುದ್ರಿಸುವುದು ಸಾವಿರ ಪಾಲು ಮೇಲು. ಕಾವ್ಯ ಸಂಪಾದನೆಯ ಪುಸ್ತಕಗಳಿಗಂತೂ ನಾನು ಈಗ ಮರುಮುದ್ರಣದ ಟಿಪ್ಪಣಿಯ ಮೊದಲ ಸಾಲಿನಲ್ಲೇ ಕರಡು ನೋಡುವವರ ಹೆಸರು ಬರೆಯುತ್ತೇನೆ. ಹೆಸರು ಸಿಗದಿದ್ದರೆ ಟಿಪ್ಪಣಿಯನ್ನು ಸಮಿತಿಗೆ ಇಡುವುದಿಲ್ಲ.